ಹೆರಾಲ್ಡಿನ ಮುಂದಿನ ಸೀಟು

ಹಳೇ ಕಾರಿನ ಮುಂದೆ ನಿಂತು ನಿಟ್ಟುಸಿರು ಬಿಡುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ನಾನೂ ಪ್ರತಿ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಹಳೇ ಕಾರುಗಳ ಫೋಟೊ ತೆಗೆಯಲು ಹೊರಡುವವಳೇ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತಳಾದ ಮೇಲೆ ಹಿಡಿದ ಹುಚ್ಚು ಇದು. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ವಿಜಯನಗರದಲ್ಲೋ ಹೊಸಹಳ್ಳಿಯಲ್ಲೋ ಇಳಿದು ಅಡ್ಡರಸ್ತೆಗಳಲ್ಲಿ ಅಲೆದರೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ತೆಂಗಿನ ಗರಿ ಬಿದ್ದು ಛಾವಣಿ ತಗ್ಗಾದ ಅಂಬಾಸಿಡರ್, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದ ಪದ್ಮಿನಿ, ಯಾರದೋ ಮನೆಯ ಮೆಟ್ಟಿಲ ಕೆಳಗೆ ಸಿಮೆಂಟು ಚೀಲ ಹೊತ್ತು ಕೂತ ಬೀಟಲ್. ಆ ಗಾಡಿಗಳ ಮೇಲೆ ನನಗೆ ಪ್ರೀತಿಯಿದೆ. ಅವುಗಳ ಸುತ್ತ ನೆರೆಯುವ ಜನರ ಮೇಲೆ ಎಳ್ಳಷ್ಟೂ ಇಲ್ಲ.

ಎಂಥ ಜನ ಅಂತೀರಿ. ಶೋಗಳಿಗೆ ಹೋದರೆ ಮೊದಲು ಎದುರಾಗುವವರು ಮಾಲೀಕರು. ಹೊಟ್ಟೆಯ ಮೇಲೆ ಪಟ್ಟಿ ಎಳೆದು ಪ್ಯಾಂಟನ್ನು ಹೆಗಲಿಗೆ ನೇತುಹಾಕಿಕೊಂಡು, ತಲೆಗೆ ಚಪ್ಪಟೆ ಟೋಪಿ ಇಟ್ಟು, ಆ ಕಾರನ್ನು ತಾವೇ ಹೆತ್ತವರಂತೆ ಪಕ್ಕದಲ್ಲಿ ನಿಂತಿರುತ್ತಾರೆ. ಕಾರು ತೊಳೆಯುವವನು ಬೇರೆ, ಓಡಿಸಿಕೊಂಡು ಬಂದವನು ಬೇರೆ, ರಿಪೇರಿ ಮಾಡಿದವನು ನಾಯಂಡಹಳ್ಳಿಯ ಯಾವುದೋ ಶೆಡ್ಡಿನಲ್ಲಿ. ಇವರ ಕೆಲಸ ಬರೀ ನಿಲ್ಲುವುದು. ಆಮೇಲೆ ಫೋಟೊ ತೆಗೆಯುವವರು. ಹುಲ್ಲಿನ ಮೇಲೆ ಬೋರಲು ಬಿದ್ದು ಹೆಡ್‌ಲೈಟಿನ ಮೂಗಿಗೇ ಲೆನ್ಸು ಹಿಡಿಯುತ್ತಾರೆ, ಎದ್ದು ಅಂಗಿ ಕೊಡವಿಕೊಂಡು, ಕಳೆದುಹೋದ ಕಾಲದ ಬಗ್ಗೆ ನಾಲ್ಕು ಸಾಲು ಬರೆದು ಗ್ರೂಪಿಗೆ ಹಾಕುತ್ತಾರೆ. ಆ ಕಾಲದಲ್ಲಿ ಇವರಪ್ಪ ಬಸ್ಸಿಗೆ ಕ್ಯೂ ನಿಂತಿದ್ದ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಸೀರೆಯುಟ್ಟ ನಾನು ಕ್ಯಾಮೆರಾ ಎತ್ತಿದರೆ ಸಾಕು, ಈ ಎರಡೂ ಬಗೆಯವರಿಗೆ ನನಗೆ ಪಾಠ ಹೇಳುವ ಹುರುಪು ಬಂದುಬಿಡುತ್ತದೆ. ಇದು ಯಾವ ಗಾಡಿ ಗೊತ್ತಾ ಮೇಡಂ, ಎಂದು ಶುರುಮಾಡುತ್ತಾರೆ. ನಾನು ಗೊತ್ತಿಲ್ಲ ಎನ್ನುತ್ತೇನೆ. ಅವರು ಧೈರ್ಯವಾಗಿ ತಪ್ಪು ಹೇಳುವುದನ್ನು ಕೇಳುವುದರಲ್ಲೂ ಒಂದು ಸುಖವಿದೆ.

ಆದರೆ ಇವರನ್ನೆಲ್ಲ ಬೈಯುವ ನನಗೆ ಬಹಳ ದಿನ ಒಬ್ಬ ಮನುಷ್ಯನ ಬಗ್ಗೆ ಗೌರವವಿತ್ತು. ಅವನು ನನ್ನ ತಮ್ಮ.

ರಾಜಾಜಿನಗರದ ನಮ್ಮ ತವರುಮನೆಯಲ್ಲಿ ಅವನಿದ್ದಾನೆ, ಅವನ ಸಂಸಾರವಿದೆ, ಜೊತೆಗೆ ಅಮ್ಮ. ಮನೆಯ ಮುಂದೆ ಹೊಂಗೆ ಮರದ ಕೆಳಗೆ ಅಪ್ಪನ ಹಳೇ ಹೆರಾಲ್ಡ್ ಕಾರು. ತಿಳಿಹಸಿರು ಬಣ್ಣ, ಈಗ ಹಸಿರು ಎನ್ನಲು ಸ್ವಲ್ಪ ದಾಕ್ಷಿಣ್ಯ ಬೇಕು. ಎರಡೇ ಬಾಗಿಲಿನ ಗಾಡಿ. ಅಪ್ಪ ಹೋಗುವ ಮೊದಲೇ ಅದರ ಎಂಜಿನ್ ಹೋಗಿತ್ತು. ಅಪ್ಪ ಹೋದ ಮೇಲೆ ಕೊಳ್ಳುವವರು ಒಬ್ಬರ ಹಿಂದೊಬ್ಬರು ಬಂದರು. ತಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ಅಪ್ಪನ ನೆನಪು ಸಾರ್, ಕೊಡಕ್ಕಾಗಲ್ಲ. ಹೇಳುವಾಗ ಅವನ ಗಂಟಲು ಕಟ್ಟುತ್ತಿತ್ತು, ಕಣ್ಣು ಒದ್ದೆಯಾಗುತ್ತಿತ್ತು. ನೆಂಟರಿಷ್ಟರೆಲ್ಲ ಮಗ ಅಂದರೆ ಹೀಗಿರಬೇಕು ಎಂದು ಹೊಗಳಿದರು. ನಾನೂ ನಂಬಿದೆ. ನಂಬುವುದಕ್ಕೆ ನನಗೊಂದು ಸಾಕ್ಷಿ ಕೂಡ ಸಿಕ್ಕಿತ್ತು. ಬೀದಿಯಲ್ಲಿ ನಿಂತ ಹಳೇ ಗಾಡಿಗಳ ಟೈರುಗಳು ಗಾಳಿಯಿಲ್ಲದೆ ನೆಲಕ್ಕೆ ಅಂಟಿಕೊಂಡಿರುತ್ತವೆ. ನಾನು ತೆಗೆದ ಫೋಟೊಗಳಲ್ಲೆಲ್ಲ ಹಾಗೇ ಇದೆ. ನಮ್ಮ ಹೆರಾಲ್ಡಿನ ನಾಲ್ಕೂ ಟೈರಿನಲ್ಲಿ ಮಾತ್ರ ಯಾವಾಗ ನೋಡಿದರೂ ಗಾಳಿ. ಎಂಜಿನಿನಲ್ಲಿ ಇಲಿ ಸಂಸಾರ ಹೂಡಿದ್ದರೂ ಟೈರಿಗೆ ಗಾಳಿ ತುಂಬಿಸುವ ಮಗ ಎಂದರೆ ಅದು ಭಕ್ತಿಯಲ್ಲದೆ ಇನ್ನೇನು ಎಂದುಕೊಂಡಿದ್ದೆ.

ಈ ಗಾಡಿಯಿಂದ ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು. ಅದರ ಮುಂದಿನ ಸೀಟಿನಲ್ಲಿ ಕೂತು ಸ್ವಲ್ಪ ದೂರ ಹೋಗಬೇಕು.

ಅದು ಯಾಕೆ ಎನ್ನುವುದಕ್ಕೆ ನಮ್ಮ ಮನೆಯ ಪದ್ಧತಿ ಹೇಳಬೇಕು. ಅಪ್ಪ ಕಾರು ತಂದ ದಿನದಿಂದ ಮುಂದಿನ ಸೀಟು ಅಪ್ಪನ ಅಮ್ಮನದು, ಅಂದರೆ ನಮ್ಮ ಅಜ್ಜಿಯದು. ಮಗ ಗಾಡಿ ಓಡಿಸುವಾಗ ಪಕ್ಕದಲ್ಲಿ ಹೆತ್ತವಳು ಕೂರುವುದು ಮರ್ಯಾದೆ, ಸೊಸೆ ಹಿಂದೆ ಮಕ್ಕಳ ಜೊತೆ. ಆಗ ನಮ್ಮಂಥ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಎರಡು ಬಾಗಿಲಿನ ಗಾಡಿಯಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಬಗ್ಗಿಸಿ, ನಡು ಬಗ್ಗಿಸಿ, ಸೆರಗು ಹಿಡಿದುಕೊಂಡು ನುಸುಳಬೇಕು. ಅಮ್ಮ ಎಲ್ಲರಿಗಿಂತ ಮೊದಲು ನುಸುಳುತ್ತಿದ್ದಳು. ಆಮೇಲೆ ಸೀಟು ಸರಿಮಾಡಿ ಅಜ್ಜಿ ಕೂರುತ್ತಿದ್ದಳು. ಇಳಿಯುವುದೂ ಹಾಗೇ, ಅಜ್ಜಿ ಇಳಿಯುವ ತನಕ ಅಮ್ಮ ಇಳಿಯುವಂತಿಲ್ಲ. ಅಪ್ಪನ ಕಡೆಯ ಬಾಗಿಲಿಂದ ಇಳಿಯಬಹುದಿತ್ತು, ಆದರೆ ಮನೆಯ ಸೊಸೆ ನಡುರಸ್ತೆಯ ಕಡೆ ಧುಮುಕುವುದು ಅಜ್ಜಿಗೆ ಸರಿಬರುತ್ತಿರಲಿಲ್ಲ. ಎಷ್ಟೋ ಸಲ ಅಜ್ಜಿಗೆ ಕಾಲುನೋವು, ನಾನು ಇಳಿಯಲ್ಲ ಎಂದುಬಿಡುತ್ತಿದ್ದಳು. ಅಪ್ಪ ನಮ್ಮಿಬ್ಬರನ್ನು ತನ್ನ ಬಾಗಿಲಿಂದ ಎಳೆದುಕೊಂಡು ಮದುವೆ ಮನೆಗೋ ತೋಟಕ್ಕೋ ಹೋಗುತ್ತಿದ್ದ. ಅಮ್ಮ ಕಾರಿನ ಹಿಂದೆ ಅಜ್ಜಿಯ ತುರುಬು ನೋಡಿಕೊಂಡು ಕೂತಿರುತ್ತಿದ್ದಳು. ತನ್ನ ಸ್ವಂತ ಚಿಕ್ಕಪ್ಪನ ಮಗಳ ಆರತಕ್ಷತೆಯನ್ನು ಅವಳು ಛತ್ರದ ಹೊರಗೆ ಕಾರಿನಲ್ಲಿ ಕೂತು ಕಳೆದಳು. ನಾವು ಮಕ್ಕಳು ಕಿರುಚಾಡಿದರೂ, ಅಮ್ಮ ಬಾಯಿ ತೆರೆದು ಏನಾದರೂ ಕೇಳಿದರೂ, ಅಜ್ಜಿ ತಿರುಗಿಯೂ ನೋಡದೆ ಹೇಳುತ್ತಿದ್ದ ಮಾತು ಒಂದೇ: "ಹಿಂದೆ ಗಲಾಟೆ ಬೇಡ."

ಅಜ್ಜಿ ತೀರಿಕೊಂಡಾಗ ಅಮ್ಮನಿಗೆ ಐವತ್ತು ದಾಟಿತ್ತು. ಇನ್ನು ಮುಂದಿನ ಸೀಟು ನನ್ನದು ಎಂದು ಅವಳು ಅಂದುಕೊಂಡಿರಬೇಕು. ವರ್ಷದ ಶ್ರಾದ್ಧ ಮುಗಿಯಲಿ ಎಂದು ಅಪ್ಪ ಆ ಸೀಟನ್ನು ಖಾಲಿ ಬಿಟ್ಟ. ಶ್ರಾದ್ಧ ಮುಗಿಯುವಷ್ಟರಲ್ಲಿ ಎಂಜಿನ್ ಕೈಕೊಟ್ಟಿತ್ತು. ನಮ್ಮಪ್ಪನ ಮೇಲೆ ನನಗೆ ಸಿಟ್ಟು ಬರುವ ವಿಷಯಗಳು ಬಹಳ ಇವೆ, ಇದು ಅದರಲ್ಲಿ ಮೊದಲನೆಯದು.

ಗಾಡಿ ರಿಪೇರಿ ಮಾಡಿಸೋಣ, ಖರ್ಚು ನನಗಿರಲಿ, ಎಂದು ನಾನು ತಮ್ಮನಿಗೆ ಹಲವು ಸಲ ಹೇಳಿದೆ. ಅವನು ಪ್ರತಿ ಸಲವೂ ಮೆತ್ತಗೆ ನಗುತ್ತಿದ್ದ. ಬಿಚ್ಚಿದ್ರೆ ಅದು ಅಪ್ಪನ ಗಾಡಿಯಾಗಿ ಉಳಿಯಲ್ಲ ಅಕ್ಕ, ಹೇಗಿದೆಯೋ ಹಾಗೇ ಇರಲಿ, ಎನ್ನುತ್ತಿದ್ದ. ಸುಮ್ಮನೆ ಒಂದು ಸಲ ಅಮ್ಮನನ್ನು ಮುಂದೆ ಕೂರಿಸಿ ನಾಲ್ಕು ಜನ ತಳ್ಳಿದರೂ ಸಾಕು ಎಂದರೆ, ಆ ಬಾಗಿಲು ಕಚ್ಚಿಕೊಂಡಿದೆ, ತೆಗೆದರೆ ಕೈಗೆ ಬರುತ್ತದೆ ಎನ್ನುತ್ತಿದ್ದ. ಇಷ್ಟೊಂದು ಭಾವುಕತೆಯ ಮುಂದೆ ನಾನೇ ಸೋತು ಮಾತು ಬದಲಿಸುತ್ತಿದ್ದೆ.

ಹೋದ ವರ್ಷ ಮೈಸೂರು ರಸ್ತೆಯ ಒಂದು ದೊಡ್ಡ ಕಲ್ಯಾಣಮಂಟಪದ ಬಯಲಿನಲ್ಲಿ ಹಳೇ ಕಾರುಗಳ ಶೋ ನಡೆಯಿತು. ಅಲ್ಲೊಂದು ಹೆರಾಲ್ಡ್ ಬರುತ್ತದೆಂದು ಕೇಳಿ ಅಮ್ಮನನ್ನು ಆಟೊದಲ್ಲಿ ಕರೆದುಕೊಂಡು ಹೋದೆ. ಬಂದಿತ್ತು. ನಮ್ಮದೇ ಬಣ್ಣ, ಅದೇ ಎರಡು ಬಾಗಿಲು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸುತ್ತ ಕೆಂಪು ಹಗ್ಗ. ಅಮ್ಮ ಹಗ್ಗದ ಈಚೆ ನಿಂತು ಮುಂದಿನ ಸೀಟನ್ನೇ ನೋಡಿದಳು. ನಾನು ಮಾಲೀಕನ ಹತ್ತಿರ ಹೋಗಿ ಸಂಗತಿಯನ್ನೆಲ್ಲ ಹೇಳಿದೆ. ಅಮ್ಮನಿಗೆ ವಯಸ್ಸಾಗಿದೆ, ಒಂದು ನಿಮಿಷ ಕೂತು ಎದ್ದುಬಿಡುತ್ತಾಳೆ ಎಂದು ಬೇಡಿಕೊಂಡೆ ಎಂದೇ ಹೇಳಬೇಕು. ಆತ ಟೋಪಿ ಸರಿಮಾಡಿಕೊಂಡ.

"ಸಾರಿ ಮೇಡಂ, ಸೀಟ್ ಎಲ್ಲಾ ಒರಿಜಿನಲ್ಲು. ವೆಯ್ಟ್ ತಡೆಯಲ್ಲ."

ಅಮ್ಮ ಒಂದು ಸಣ್ಣ ಅಕ್ಕಿ ಚೀಲದಷ್ಟೂ ತೂಗುವುದಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ಮುಂಚೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದ ಒಂದು ಜೋಡಿ ಅದೇ ಗಾಡಿಯ ಬಾನೆಟ್ಟಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದನ್ನು ನಾನೇ ನೋಡಿದ್ದೆ. ಆಗ ಈತ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಅದನ್ನು ಅವನ ಮುಖಕ್ಕೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಬೋರಲು ಬಿದ್ದಿದ್ದ ಫೋಟೊದವರು ತಲೆ ಎತ್ತಿ ನೋಡಿ ಮತ್ತೆ ಬಿದ್ದುಕೊಂಡರು. ಅಮ್ಮ ನನ್ನ ಸೆರಗು ಜಗ್ಗಿ, ಬಿಡೇ, ನಮ್ಮನೇದೇ ಇದ್ಯಲ್ಲ, ಎಂದಳು. ಆ ದಿನ ಒಂದೂ ಫೋಟೊ ತೆಗೆಯದೆ ವಾಪಸು ಬಂದೆ.

ನಾನು ತವರಿಗೆ ಹೋಗುವುದು ಸಾಮಾನ್ಯವಾಗಿ ಭಾನುವಾರ. ಶೋ ಆದ ಕೆಲವು ವಾರಕ್ಕೆ ಅಮ್ಮನಿಗೆ ಮಂಡಿನೋವಿನ ಎಣ್ಣೆ ಕೊಡಲು ಒಂದು ಬುಧವಾರ ಬೆಳಿಗ್ಗೆ ಹೋದೆ. ರಸ್ತೆಯ ತಿರುವಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ತಮ್ಮನ ಮಗ ತನ್ನ ದೊಡ್ಡ ಕಾರನ್ನು ಮನೆ ಮುಂದಿನಿಂದ ತೆಗೆದು ಆಫೀಸಿಗೆ ಹೊರಟ. ಅದು ಹೋದ ಕೂಡಲೇ ತಮ್ಮ ಲುಂಗಿ ಎತ್ತಿ ಕಟ್ಟಿ, ಹೆರಾಲ್ಡಿನ ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನಿಂದ ತಳ್ಳಿದ. ಮರದ ಬುಡದಲ್ಲಿದ್ದ ಹೆರಾಲ್ಡ್ ಮುಂದೆ ಬಂದು ಆ ಜಾಗದ ಸರಿಯಾಗಿ ನಡುವೆ ನಿಂತಿತು. ಹಿಂದೆಯೂ ಇನ್ನೊಂದು ಕಾರು ಹಿಡಿಯದಂತೆ, ಮುಂದೆಯೂ ಹಿಡಿಯದಂತೆ. ತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಅಳತೆ ನೋಡಿದ. ಟೈರನ್ನು ಕಾಲಲ್ಲಿ ಒದ್ದು ಗಾಳಿ ನೋಡಿದ. ಎದುರು ಮನೆಯವನು ತನ್ನ ಗೇಟಿನಲ್ಲಿ ನಿಂತು ಇದನ್ನೆಲ್ಲ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದ. ಆತನ ಕಾರು ಪಾಪ ಮುಂದಿನ ರಸ್ತೆಯ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನಿಲ್ಲುತ್ತದೆ.

ಜಾಗ ಹಿಡಿಯುವುದು ನಮ್ಮ ಕಡೆ ಹೊಸದೇನಲ್ಲ. ಬಸವೇಶ್ವರನಗರದಲ್ಲಿ ಹೂಕುಂಡ ಇಡುತ್ತಾರೆ, ಮಹಾಲಕ್ಷ್ಮಿ ಲೇಔಟಿನಲ್ಲಿ ಕಲ್ಲು ಇಡುತ್ತಾರೆ, ಚಕ್ರವಿಲ್ಲದ ಸ್ಕೂಟರು ನಿಲ್ಲಿಸುತ್ತಾರೆ, ಮುರಿದ ಪ್ಲಾಸ್ಟಿಕ್ ಕುರ್ಚಿ ಇಡುತ್ತಾರೆ. ರಸ್ತೆ ಅಪ್ಪನ ಆಸ್ತಿ ಎಂದುಕೊಂಡವರ ಊರಿದು. ಆದರೆ ಅಪ್ಪನನ್ನೇ ಹೂಕುಂಡ ಮಾಡಿಕೊಂಡವನು ನನ್ನ ತಮ್ಮನೊಬ್ಬನೇ ಇರಬೇಕು. ಥೂ, ಆ ಕಟ್ಟಿದ ಗಂಟಲು, ಆ ಒದ್ದೆ ಕಣ್ಣು. ಟೋಪಿ ಹಾಕಿಕೊಂಡವರು ಎಷ್ಟೋ ವಾಸಿ, ಅವರು ಕೊನೆಗೆ ಗಾಡಿಯನ್ನಾದರೂ ತೊಳೆಸುತ್ತಾರೆ.

ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಕಿಟಕಿಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಹಾರಾಟವನ್ನೆಲ್ಲ ಕೇಳಿಸಿಕೊಂಡಳು.

"ನಂಗೊತ್ತು ಕಣೇ," ಎಂದಳು. "ದಿನಾ ಬೆಳಿಗ್ಗೆ ಮುಂದಕ್ಕೆ ತಳ್ತಾನೆ, ಸಾಯಂಕಾಲ ಹಿಂದಕ್ಕೆ. ಬರೀ ಗಾಡಿನ ತಳ್ತಾನೆ. ನನ್ನ ಕೂರಿಸ್ಕೊಂಡು ತಳ್ಳು ಅಂದ್ರೆ ಬಾಗಿಲು ಮುರಿಯತ್ತಂತೆ."

ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈಹಾಕಿದಳು. ಅವಳಿಗೆ ಸಿಟ್ಟಿರಲಿಲ್ಲ, ನಾಚಿಕೆಯಾಗಿತ್ತು. ಮಗನ ಸಣ್ಣತನವನ್ನು ಮಗಳು ಕಂಡುಹಿಡಿದಳಲ್ಲ ಎಂಬ ನಾಚಿಕೆ. ನನಗೆ ಪಿತ್ತ ನೆತ್ತಿಗೇರಿತು. ತಮ್ಮನನ್ನು ಅಲ್ಲೇ ಹಿಡಿದು ಜಾಡಿಸುವವಳಿದ್ದೆ. ಅಮ್ಮ ಬೇಡ ಎಂದಳು. ನಾನು ಈ ಮನೆಯಲ್ಲಿ ಇರಬೇಕಾದವಳು, ನೀನು ಸಂಜೆ ಕೆಂಗೇರಿಗೆ ಹೋಗ್ತೀಯ, ಎಂದಳು. ಎಣ್ಣೆಯ ಸೀಸೆ ಅವಳ ಕೈಗಿಟ್ಟು ಬಂದೆ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ಎಲ್ಲ ಗಾಡಿಗಳನ್ನೂ ಸಾಲಾಗಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ದೊಡ್ಡ ಕಾರು, ಸ್ಕೂಟರು, ಮೇಲಿನ ಮನೆಯಲ್ಲಿ ಬಾಡಿಗೆಗಿರುವ ವಿಜಯಪುರದ ಕಡೆಯ ಹುಡುಗರ ಬೈಕುಗಳು. ಆ ಹುಡುಗರು ಊಟ ಡೆಲಿವರಿ ಮಾಡುವವರು. ಕೊನೆಗೆ ಹೆರಾಲ್ಡ್. ಹೂವಿನ ಹಾರ, ಬಾಳೆಕಂದು, ಕುಂಕುಮ, ಬೂದುಗುಂಬಳಕಾಯಿ, ಎಲ್ಲ ಆದ ಮೇಲೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಗಾಡಿ ಅದರ ಮೇಲೆ ಹಾಯಬೇಕು. ಹೆರಾಲ್ಡನ್ನು ತಮ್ಮ ಪ್ರತಿ ವರ್ಷ ಒಂದು ಗೇಣು ತಳ್ಳಿಸಿ, ನಿಂಬೆಹಣ್ಣು ಒಡೆದ ಕೂಡಲೇ ಹಿಂದಕ್ಕೆ ಎಳೆಸಿಬಿಡುತ್ತಿದ್ದ. ಯಾಕೆಂದು ನನಗೆ ಈಗ ಗೊತ್ತಿತ್ತು. ಈ ಸಲ ಅವನ ಮಗ ದೊಡ್ಡ ಕಾರಿನ ಪೂಜೆ ಮುಗಿಸಿ, ಮಾವನ ಮನೆಯವರನ್ನು ಊಟಕ್ಕೆ ಕರೆತರಲು ಅದರಲ್ಲೇ ಹೋಗಿದ್ದ. ಹಬ್ಬದ ದಿನ ರಸ್ತೆಯುದ್ದಕ್ಕೂ ನೆಂಟರ ಕಾರುಗಳು. ಇಡೀ ಬೀದಿಯಲ್ಲಿ ಖಾಲಿ ಇದ್ದದ್ದು ನಮ್ಮ ಜಾಗ ಒಂದೇ, ಅದರ ನಡುವೆ ಹಾರ ಹಾಕಿಕೊಂಡ ಹೆರಾಲ್ಡ್. ಎದುರು ಮನೆಯವನು ತನ್ನ ಕಾರಿಗೆ ಪೂಜೆ ಮಾಡಲೆಂದು ಅದನ್ನು ತಂದು, ನಿಲ್ಲಿಸಲು ಜಾಗವಿಲ್ಲದೆ ರಸ್ತೆಯ ನಡುವೆಯೇ ಎಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದ.

ಅಮ್ಮ ಹೊಸ ಸೀರೆಯುಟ್ಟು ಗೇಟಿನ ಹತ್ತಿರ ನಿಂತಿದ್ದಳು. ನಾನು ಮೇಲಿನ ಮನೆಯ ಹುಡುಗರನ್ನು ಕರೆದು ಎಡಗಡೆಯ ಬಾಗಿಲು ತೆಗೆಯಿರಪ್ಪ ಎಂದೆ. ಇಬ್ಬರು ಹಿಡಿದು ಎಳೆದರು. ಕರ್ರೆಂದು ತೆರೆಯಿತು, ಕೈಗೇನೂ ಬರಲಿಲ್ಲ. ಅವರಲ್ಲೊಬ್ಬ ತನ್ನ ಟವಲಿನಿಂದ ಸೀಟು ಒರೆಸಿ, "ಕುಂದರ್ರಿ ಅಜ್ಜಿ," ಎಂದ. ತಮ್ಮ ಆರತಿ ತಟ್ಟೆ ಹಿಡಿದುಕೊಂಡು, ಅಮ್ಮ ಅಲ್ಲಿ ಇಲಿ ಇರತ್ತೆ, ಎನ್ನುವಷ್ಟರಲ್ಲಿ ಅವಳು ಕೂತಾಗಿತ್ತು. ನಾನು ಈಚೆಯಿಂದ ಹೋಗಿ ಸ್ಟಿಯರಿಂಗ್ ಮುಂದೆ ಕೂತೆ. ಹೆಣ್ಣುಮಕ್ಕಳು ಹಿಡಿದರೆ ಗೇರು ಹಾಳಾಗುತ್ತದೆ ಎಂದು ಅಪ್ಪ ನನ್ನನ್ನು ಆ ಸೀಟಿನ ಹತ್ತಿರವೂ ಬಿಟ್ಟವನಲ್ಲ.

ಗ್ರೂಪಿಗೆ ಹಾಕಲು ವಿಡಿಯೊ ಬೇಕಲ್ಲ, ತಮ್ಮನ ಹೆಂಡತಿ ಫೋನು ಹಿಡಿದು ನಿಂತಿದ್ದಳು. ಅಪ್ಪನ ಗಾಡಿಯ ವಿಡಿಯೊದಲ್ಲಿ ಮಗನೇ ಇಲ್ಲದಿದ್ದರೆ ಹೇಗೆ. ನೀನು ಹಿಂದೆ ಹೋಗಕ್ಕ ಎಂದ ತಮ್ಮ. ನನ್ನ ಮಂಡಿ ಬಗ್ಗಲ್ಲ ಎಂದೆ. ಬೇಗ ಕೂತ್ಕೊಳ್ರೀ ಎಂದು ಅವನ ಹೆಂಡತಿ ರೇಗಿದಳು. ಕೊನೆಗೆ ನಾನು ಇಳಿದು ಸೀಟು ಬಗ್ಗಿಸಿ ಹಿಡಿದೆ. ತಮ್ಮ ರೇಷ್ಮೆ ಪಂಚೆ ಎತ್ತಿಕೊಂಡು, ನಡು ಬಗ್ಗಿಸಿ, ಹಿಂದಿನ ಸೀಟಿಗೆ ನುಸುಳಿದ. ನಾನು ಸೀಟು ಸರಿಮಾಡಿ ಕೂತು ಬಾಗಿಲು ಹಾಕಿಕೊಂಡೆ. ಅವನು ಹಿಂದೆ ಕೂತು ಫೋನಿನ ಕಡೆ ಮುಖ ಮಾಡಿ ಕಣ್ಣು ಒದ್ದೆ ಮಾಡಿಕೊಂಡ.

ಹ್ಯಾಂಡ್‌ಬ್ರೇಕ್ ಬಿಟ್ಟೆ. ಹುಡುಗರು ತಳ್ಳಿದರು. ನಿಂಬೆಹಣ್ಣುಗಳು ಪಚಕ್ಕೆಂದವು. ಸಾಕು ಸಾಕು, ಹಿಂದಕ್ಕೆ ಎಳೀರಪ್ಪ, ಎಂದು ತಮ್ಮ ಕೂಗಿದ. ಹುಡುಗರು ನನ್ನ ಕಿಟಕಿಗೆ ಬಂದು, "ಸಾಕೇನ್ರಿ ಆಂಟಿ, ಇನ್ನೂ ದಬ್ಬೂನೇನ್ರಿ?" ಎಂದು ಕೇಳಿದರು. ನಾನು ಅಮ್ಮನ ಕಡೆ ನೋಡಿದೆ. ಅವಳು ಎರಡೂ ಕೈಯನ್ನು ಮುಂದಿನ ಹಲಗೆಯ ಮೇಲಿಟ್ಟುಕೊಂಡು ಗಾಜಿನಾಚೆಯ ರಸ್ತೆಯನ್ನು ನೋಡುತ್ತಿದ್ದಳು. ಈ ಗಾಡಿಯಲ್ಲಿ ಕೂತು ಅವಳು ಎದುರಿನಿಂದ ಬರುವ ರಸ್ತೆಯನ್ನು ನೋಡಿಯೇ ಇರಲಿಲ್ಲ.

"ಇನ್ನೊಂಚೂರು," ಎಂದಳು.

ಹುಡುಗರಿಗೆ ಅಷ್ಟೇ ಸಾಕಾಯಿತು. ಹೆರಾಲ್ಡ್ ನಮ್ಮ ಗೇಟು ದಾಟಿತು, ಪಕ್ಕದ ಮನೆ ದಾಟಿತು, ಸೊಪ್ಪಿನ ಗಾಡಿಯವಳನ್ನು ದಾಟಿತು. ಸ್ಟಿಯರಿಂಗ್ ಕಲ್ಲಿನ ಹಾಗಿತ್ತು, ಹಿಡಿದು ನನ್ನ ರಟ್ಟೆ ನೋಯುತ್ತಿತ್ತು. ಕ್ಯಾಮೆರಾ ಕೊರಳಲ್ಲೇ ಇತ್ತು, ತೆಗೆಯಲು ಕೈ ಖಾಲಿಯಿರಲಿಲ್ಲ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಗು. ಅಮ್ಮ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಎದುರಿಗೆ ಬಂದವರೊಬ್ಬರು ಕೈಮುಗಿದರು, ಅವಳೂ ಮುಗಿದಳು.

ಹಿಂದೆ ಕಾರೊಂದು ರಿವರ್ಸ್ ಹೋಗುವ ಪೀಂ ಪೀಂ ಕೇಳಿಸಿತು. ತಮ್ಮ ಹಿಂದಿನ ಗಾಜಿನಿಂದ ನೋಡಿದ. ಎದುರು ಮನೆಯವನು ನಮ್ಮ ಮನೆಯ ಮುಂದೆ, ಸರಿಯಾಗಿ ನಡುವೆ, ನಿಧಾನವಾಗಿ ಕಾರು ನಿಲ್ಲಿಸುತ್ತಿದ್ದ. ತಮ್ಮನ ಮುಖದಲ್ಲಿ ಅಪ್ಪನ ನೆನಪು ಒಂದು ಚೂರೂ ಉಳಿಯಲಿಲ್ಲ. ನಿಲ್ಸು ಅಕ್ಕ, ಜಾಗ ಹೋಯ್ತು, ಬೀಗರು ಬರ್ತಾ ಇದಾರೆ, ಎಂದು ನನ್ನ ಸೀಟನ್ನು ಅಲುಗಾಡಿಸಿದ. ನಾನು ಕೂತಿದ್ದ ಸೀಟು ಬಗ್ಗುವ ಹಾಗಿರಲಿಲ್ಲ. ಅವನು ಆ ಕಡೆ ತಿರುಗಿ ಅಮ್ಮನ ಭುಜ ಮುಟ್ಟಿದ. ನೀನು ಸ್ವಲ್ಪ ಇಳಿಯಮ್ಮ, ನೀನು ಇಳಿದ್ರೆ ತಾನೇ ನಾನು ಇಳಿಯಕ್ಕಾಗೋದು, ಎಂದು ಗೋಗರೆದ.

ಅಮ್ಮ ತಿರುಗಿ ನೋಡಲಿಲ್ಲ.

"ಹಿಂದೆ ಗಲಾಟೆ ಬೇಡ," ಎಂದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಿರುವಿನ ತನಕ ತಳ್ರಪ್ಪ, ಎಂದು ಹುಡುಗರಿಗೆ ಹೇಳಿದಳು.